ಚೀನಾದ ‘ಫೇಯ್’ ಪದವಿಗೆ ‘ಉಪಪತ್ನಿ’ ಸರಿಯೇ? ‘ಬಾವಿಗೆ ಬಿದ್ದಳು’ ಎನ್ನಬಹುದೇ?

ಮಾನ್ಯರೇ,

ಚೀನಾವನ್ನು ಆಳಿದ ಮಂಚು ಜನರ ಚಿಂಗ್ ವಂಶದ ಗ್ವಾಂಗ್‌ಷು ಚಕ್ರವರ್ತಿಯ ಮೆಚ್ಚಿನ ಮಡದಿಯಾಗಿದ್ದು, 1900ರ ಆಗಸ್ಟ್‌ನಲ್ಲಿ ಬೀಜಿಂಗ್ ಅರಮನೆಯ ಬಾವಿಯೊಂದರಲ್ಲಿ ಪ್ರಾಣ ಕಳೆದುಕೊಂಡ ಜೆನ್ ಫೇಯ್ ಕುರಿತು ಕನ್ನಡದಲ್ಲಿ ಬರೆಯುವಾಗ ಎದುರಾದ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ‘ಫೇಯ್’, ಅಂದರೆ ಚಕ್ರವರ್ತಿಯ ಮಡದಿಯರಿಗಿದ್ದ ದರ್ಜೆಗಳಲ್ಲೊಂದು. ಇಂಗ್ಲಿಷ್ ಪುಸ್ತಕಗಳು ಬಳಸುವ ‘ಕಾಂಕ್ಯುಬೈನ್’ (concubine) ಪದವನ್ನು ಹಿಡಿದು ಹೊರಟರೆ ನಿಘಂಟುಗಳು ನಮ್ಮನ್ನು ‘ಉಪಪತ್ನಿ’, ‘ಇಟ್ಟುಕೊಂಡವಳು’ ಎಂಬಲ್ಲಿಗೆ ತಲುಪಿಸುತ್ತವೆ. ಇವೆರಡೂ ಇಂದಿನ ಬಳಕೆಯಲ್ಲಿ ಮದುವೆಯ ಹೊರಗಿನ ಸಂಬಂಧವನ್ನೇ ಸೂಚಿಸುತ್ತವೆ. ಜೆನ್ ಹಾಗೆ ಬಂದವಳಲ್ಲ. 1876ರಲ್ಲಿ ಮಂಚು ಮನೆತನವೊಂದರಲ್ಲಿ ಹುಟ್ಟಿದ ಆಕೆ ವಿಧಿವತ್ತಾದ ಆಯ್ಕೆಯಲ್ಲಿ ಗೆದ್ದು, 1889ರಲ್ಲಿ ತನ್ನ ಅಕ್ಕನೊಂದಿಗೆ ಅಂತಃಪುರ ಪ್ರವೇಶಿಸಿದಳು. ಅದೇ ಸಮಯದಲ್ಲಿ ಹಿಂದಿನ ಚಕ್ರವರ್ತಿಯೊಬ್ಬನ ವಿಧವೆಯಾಗಿ ಅಧಿಕಾರ ಹಿಡಿದಿದ್ದ ರಾಜಮಾತೆ ತ್ಸಿಶಿ ತನ್ನ ತಮ್ಮನ ಮಗಳನ್ನು ಪಟ್ಟದರಸಿಯಾಗಿ ಮಾಡಿದಳು. ‘ಜೆನ್’ ಎಂಬುದು ಆಕೆಯ ಹೆಸರೂ ಅಲ್ಲ, ‘ಅಮೂಲ್ಯ’ ಎಂಬರ್ಥದ ಬಿರುದು. ಇಂಗ್ಲಿಷಿನಲ್ಲಿ ಅದು ‘ಮುತ್ತು’ ಆಗಿರುವುದರಿಂದ ನಾವೂ ‘ಮುತ್ತಿನ ರಾಣಿ’ ಎನ್ನಬೇಕಾಗಿಲ್ಲ.

ಹಾಗಾದರೆ ‘ಕಿರಿಯ ರಾಣಿ’ ಎಂದರೆ ಸಾಲದೇ ಎಂದು ಕೇಳಬಹುದು. ಹೊಯ್ಸಳ ಶಾಸನಗಳು ಶಾಂತಲೆಯನ್ನು ‘ಪಿರಿಯರಸಿ’, ‘ಪಟ್ಟಮಹಾದೇವಿ’ ಎಂದು ಕರೆಯುವುದರಿಂದ ಹಿರಿಯ-ಕಿರಿಯ ಎಂಬ ವಿಂಗಡಣೆಗೆ ನಮ್ಮಲ್ಲಿ ಆಧಾರವೂ ಇದೆ. ಆದರೆ ಚಿಂಗ್ ಅಂತಃಪುರದಲ್ಲಿ ಇದ್ದದ್ದು ಎರಡು ಮೆಟ್ಟಿಲಲ್ಲ, ಎಂಟು: ಹ್ವಾಂಗ್‌ಹೋ ಒಬ್ಬಳು, ಹ್ವಾಂಗ್‌ಗ್ವೇಫೇಯ್ ಒಬ್ಬಳು, ಗ್ವೇಫೇಯ್ ಇಬ್ಬರು, ಫೇಯ್ ನಾಲ್ವರು, ಪಿನ್ ಆರು ಮಂದಿ, ಅವರ ಕೆಳಗೆ ಗ್ವೇರೆನ್, ಚಾಂಗ್‌ಜಾಯ್, ದಾಯಿಂಗ್ ಎಂಬ ಮೂರು ದರ್ಜೆಗಳಿಗೆ ಸಂಖ್ಯೆಯ ಮಿತಿ ಇರಲಿಲ್ಲ. ಜೆನ್‌ಳ ಬದುಕಿನ ಏರಿಳಿತವೆಲ್ಲ ಈ ಮೆಟ್ಟಿಲುಗಳ ಮೇಲೆಯೇ ನಡೆಯಿತು. ಪಿನ್ ಆಗಿ ಬಂದವಳು 1894ರಲ್ಲಿ, ತ್ಸಿಶಿಯ ಅರುವತ್ತನೆಯ ಹುಟ್ಟುಹಬ್ಬದ ವರ್ಷದಲ್ಲಿ, ಫೇಯ್ ಆದಳು. ರಾಜಕಾರಣದಲ್ಲಿ ಕೈಹಾಕಿದಳು, ಹುದ್ದೆಗಳನ್ನು ಕೊಡಿಸುವ ವ್ಯವಹಾರಕ್ಕಿಳಿದಳು ಎಂಬ ಆಪಾದನೆಯ ಮೇಲೆ ಅದೇ ವರ್ಷ ಅಕ್ಕನ ಸಮೇತ ಗ್ವೇರೆನ್ ದರ್ಜೆಗೆ ಇಳಿದಳು. ಮರುವರ್ಷ ಪುನಃ ಫೇಯ್ ಆದಳು. ಎಲ್ಲಕ್ಕೂ ‘ಕಿರಿಯ ರಾಣಿ’ ಎಂದೇ ಬರೆದರೆ, ಶಿಕ್ಷೆಯ ಮೊದಲೂ ಕಿರಿಯ ರಾಣಿ, ಶಿಕ್ಷೆಯ ನಂತರವೂ ಕಿರಿಯ ರಾಣಿ ಎಂದಾಗಿ, ಆಕೆಗೆ ಆದದ್ದೇನು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ. ತ್ಸಿಶಿಯೂ ಇದೇ ಏಣಿಯನ್ನು ಹತ್ತಿದವಳು ಎಂಬುದನ್ನೂ ಇಲ್ಲಿ ನೆನೆಯಬೇಕು: 1852ರಲ್ಲಿ ಗ್ವೇರೆನ್, 1854ರಲ್ಲಿ ಪಿನ್, ಮಗ ಹುಟ್ಟಿದ 1856ರಲ್ಲಿ ಫೇಯ್, ಮರುವರ್ಷ ಗ್ವೇಫೇಯ್. ಗಂಡ ಬದುಕಿರುವವರೆಗೆ ಆಕೆ ಪಟ್ಟದರಸಿ ಆಗಲೇ ಇಲ್ಲ. ಆದ್ದರಿಂದ ಹ್ವಾಂಗ್‌ಹೋಗೆ ‘ಪಟ್ಟದರಸಿ’ ಎಂದಿಟ್ಟು, ಉಳಿದ ಪದವಿಗಳನ್ನು ಚೀನೀ ರೂಪದಲ್ಲೇ ಉಳಿಸಿಕೊಂಡು, ಮೊದಲ ಬಳಕೆಯಲ್ಲಿ ಮಾತ್ರ ‘ನಾಲ್ಕನೆಯ ದರ್ಜೆಯ ರಾಣಿ’ ಎಂಬಂತೆ ಬಿಡಿಸಿ ಹೇಳುವುದು ಮೇಲೆಂದು ನನಗೆ ತೋರುತ್ತದೆ.

ಎರಡನೆಯದು ಕ್ರಿಯಾಪದದ ಪ್ರಶ್ನೆ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಚಕ್ರವರ್ತಿ 1898ರಲ್ಲಿ ಕೈಗೊಂಡ, ‘ನೂರು ದಿನಗಳ ಸುಧಾರಣೆ’ ಎನಿಸಿದ ಆಡಳಿತ ಸುಧಾರಣೆಯನ್ನು ತ್ಸಿಶಿ ಮುರಿದಾಗ ಆತ ಯಿಂಗ್‌ತಾಯ್ ದ್ವೀಪದಲ್ಲಿ ಸೆರೆಯಾದನು, ಆತನ ಪರ ನಿಂತಿದ್ದ ಜೆನ್ ಅರಮನೆಯೊಳಗೇ ಸೆರೆಯಾದಳು. ಎರಡು ವರ್ಷಗಳ ನಂತರ ಎಂಟು ವಿದೇಶಗಳ ಜಂಟಿ ಸೇನೆ ಬೀಜಿಂಗ್ ಹೊಕ್ಕು, ಆಸ್ಥಾನ ಷೀಆನ್ ನಗರದ ಕಡೆಗೆ ಪಲಾಯನ ಮಾಡುವ ಗಳಿಗೆಯಲ್ಲಿ ಆಕೆಯ ಸಾವು ಸಂಭವಿಸಿತು. ಕನ್ನಡದಲ್ಲಿ ‘ಬಾವಿಗೆ ಬಿದ್ದಳು’ ಎಂದರೆ ಕಾಲು ಜಾರಿತೆಂದು ಯಾರೂ ತಿಳಿಯುವುದಿಲ್ಲ; ಹೆಣ್ಣೊಬ್ಬಳು ತಾನಾಗಿ ಪ್ರಾಣ ಕಳೆದುಕೊಂಡಳು ಎಂದೇ ಅದರ ಅರ್ಥ. ವಿಚಿತ್ರವೆಂದರೆ 1901ರ ರಾಜಾಜ್ಞೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಪರಿವಾರದೊಂದಿಗೆ ಹೊರಡಲಾಗದೆ ಆಕೆ ಅರಮನೆಯಲ್ಲೇ ನಿಷ್ಠೆಯಿಂದ ಪ್ರಾಣ ಬಿಟ್ಟಳೆಂದು ಕೊಂಡಾಡಿ, ಮರಣಾನಂತರ ಗ್ವೇಫೇಯ್ ಪದವಿ ಕೊಟ್ಟಿತು. ಅರಮನೆಯ ಊಳಿಗದವರ ನೆನಪುಗಳಾದರೋ ತ್ಸಿಶಿಯ ಅಪ್ಪಣೆಯಂತೆ ತ್ಸ್ವೇ ಯೂಗ್ವೇ ಎಂಬಾತ ಆಕೆಯನ್ನು ಬಾವಿಗೆ ತಳ್ಳಿದನೆಂದು ಹೇಳುತ್ತವೆ. ನಾವು ಅಜಾಗರೂಕತೆಯಿಂದ ‘ಬಿದ್ದಳು’ ಎಂದು ಬರೆದರೆ ಆ ರಾಜಾಜ್ಞೆಗೆ ನಮ್ಮ ಮುದ್ರೆಯನ್ನೂ ಒತ್ತಿದಂತಾಗುತ್ತದೆ. ‘ತಳ್ಳಲಾಯಿತು’ ಎಂದರೆ ಕರ್ತೃವೇ ಮಾಯವಾಗುತ್ತಾನೆ. ‘ತ್ಸಿಶಿ ಆಕೆಯನ್ನು ಬಾವಿಗೆ ನೂಕಿಸಿದಳೆಂದು ಊಳಿಗದವರು ಹೇಳಿದ್ದಾರೆ’ ಎಂಬ ವಾಕ್ಯವೇ ನನಗೆ ಸರಿಯೆನಿಸುತ್ತದೆ: ‘ಇಸು’ ಪ್ರತ್ಯಯ ಅಪ್ಪಣೆ ಕೊಟ್ಟವಳನ್ನು ತೋರಿಸುತ್ತದೆ, ‘ಹೇಳಿದ್ದಾರೆ’ ಎಂಬುದು ಸಾಕ್ಷ್ಯದ ಮೂಲವನ್ನು ತಿಳಿಸುತ್ತದೆ.

ಕೊನೆಗೊಂದು ಚಿಕ್ಕ ಸಂದೇಹ. ತ್ಸ್ವೇ ಯೂಗ್ವೇಯಂತಹ ಪುರುಷತ್ವಹರಣಕ್ಕೆ ಒಳಗಾದ ಅರಮನೆ ಸೇವಕರನ್ನು ಕೆಲವರು ‘ಕಂಚುಕಿ’ ಎಂದು ಬರೆಯುವುದುಂಟು. ಸಂಸ್ಕೃತ ನಾಟಕಗಳ ಕಂಚುಕಿ ಅಂತಃಪುರದ ವೃದ್ಧ ಅಧಿಕಾರಿಯೇ ಹೊರತು ನಪುಂಸಕನಲ್ಲ. ಆ ಅರ್ಥಕ್ಕೆ ‘ವರ್ಷವರ’ ಎಂಬ ಪದವಿದ್ದರೂ ಇಂದು ಅದು ಯಾರಿಗೂ ತಿಳಿಯದು. ‘ಖೋಜಾ’ ಎಂದು ಬರೆದರೆ ಮುಸಲ್ಮಾನ ದೊರೆಗಳ ಆಸ್ಥಾನ ಕಣ್ಣಮುಂದೆ ಬರುತ್ತದೆ. ಇದಕ್ಕಿಂತ ಹೊಂದುವ ಪದ ತಮ್ಮ ಬಳಕೆಯಲ್ಲಿದ್ದರೆ, ಅದು ಎಲ್ಲಿ ಬಳಕೆಯಾಗಿದೆ ಎಂಬುದರೊಂದಿಗೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.