‘ಆರ್ಗನೈಸರ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ? (ತುರ್ತು, ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಮೇ ದಿನದ ಪ್ರದರ್ಶನಕ್ಕೆ ಬ್ರಿಟನ್ನಿನ ಕಾರ್ಮಿಕ ನಾಯಕ ಕೀರ್ ಹಾರ್ಡಿ ಬಗ್ಗೆ ಒಂದು ಫಲಕ ಬರೆಯುತ್ತಿದ್ದೇನೆ. ಸಂಜೆ ಮುದ್ರಣಕ್ಕೆ ಹೋಗಬೇಕು. ಹಾರ್ಡಿ 1856ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಹತ್ತನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವರು. ಮುಂದೆ ಗಣಿ ಕಾರ್ಮಿಕರನ್ನು ಒಟ್ಟು ಸೇರಿಸಿದರು. 1887ರಲ್ಲಿ ‘ದಿ ಮೈನರ್’ ಪತ್ರಿಕೆ ಶುರುಮಾಡಿದರು, ಅದೇ ಆಮೇಲೆ ‘ಲೇಬರ್ ಲೀಡರ್’ ಆಯಿತು. 1893ರಲ್ಲಿ ಬ್ರಾಡ್‌ಫರ್ಡಿನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

‘ಎಡಿಟರ್’ಗೆ ‘ಸಂಪಾದಕ’ ಸರಿ. ಆದರೆ ‘ಆರ್ಗನೈಸರ್’ಗೆ ‘ಸಂಘಟಕ’ ಅಂದರೆ ಈಗ ಶಾಮಿಯಾನ ಹಾಕಿಸಿ ಸಮಾರಂಭ ಏರ್ಪಡಿಸುವವರ ನೆನಪಾಗುತ್ತದೆ, ಅಲ್ವಾ?

ಇನ್ನೊಂದು ಪದ ‘ಟ್ರ್ಯಾಪರ್’. ಗಣಿಯಲ್ಲಿ ಹಾರ್ಡಿಯ ಮೊದಲ ಕೆಲಸ ಅದು. ಗಾಳಿ ಸರಿಯಾದ ದಾರಿಯಲ್ಲೇ ಹರಿಯಲಿ ಅಂತ ಸುರಂಗಕ್ಕೆ ಬಾಗಿಲು ಇಟ್ಟಿರುತ್ತಿದ್ದರು. ಬಂಡಿ ಬಂದಾಗ ತೆಗೆಯಬೇಕು, ಹೋದ ಕೂಡಲೇ ಮುಚ್ಚಬೇಕು. ಉಳಿದ ಹೊತ್ತೆಲ್ಲ ಕತ್ತಲಲ್ಲಿ ಒಬ್ಬನೇ ಕೂತಿರಬೇಕು.

ಉತ್ತರ 1: ‘ಕಟ್ಟಾಳು’. ಸಂಘ ಕಟ್ಟುವ ಆಳು. ಅಚ್ಚಗನ್ನಡ ಪದ ಕೈಯಲ್ಲೇ ಇದೆ.

ಉತ್ತರ 2: ತಪ್ಪು. ಅದು ಕಡು (ಬಲವಾದ) + ಆಳು. ‘ಕಟ್ಟಾಸೆ’ ಇದ್ದ ಹಾಗೆ. ‘ಕಟ್ಟು’ ಧಾತುವಿಗೂ ಅದಕ್ಕೂ ಸಂಬಂಧವಿಲ್ಲ. ‘ಕಾರ್ಮಿಕ ಸಂಘಟಕ’ ಎನ್ನಿ, ಮುಗಿಯಿತು. ಟ್ರ್ಯಾಪರ್‌ಗೆ ‘ದ್ವಾರಪಾಲ’ ಸಾಕು.

ಉತ್ತರ 1: ಬೇರು ಯಾವುದಾದರೂ ಇರಲಿ, ಕೇಳಿದವರಿಗೆ ‘ಕಟ್ಟುವವನು’ ಅಂತಲೇ ಹೊಳೆಯುತ್ತದೆ. ಪದ ಬದುಕುವುದು ಹಾಗೆಯೇ. ‘ಕೂಡು’ ಇದೆ, ‘ಕೂಟ’ ಇದೆ. ಹಾಗಿದ್ದೂ ಪ್ರತಿ ಸಲ ಸಂಸ್ಕೃತದ ‘ಸಂ’ ಹಚ್ಚಿಕೊಂಡೇ ಯಾಕೆ ಬರಬೇಕು?

ಉತ್ತರ 2: ಹೊಳೆದದ್ದೆಲ್ಲ ಅರ್ಥವಾದರೆ ನಿಘಂಟು ಯಾಕೆ?

ಉತ್ತರ 3: ನಾನು ಜಾಸ್ತಿ ವರ್ಷ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿ ಸಂಘಟಕ, ಕಟ್ಟಾಳು ಎರಡೂ ಕೇಳಿಲ್ಲ. ‘ಯೂನಿಯನ್ ಕಟ್ಟಿದವರು’ ಅನ್ನುತ್ತಿದ್ದೆವು. ಕಟ್ಟಿದವರಿಗೆ ಕೆಲಸ ಹೋಗುತ್ತಿತ್ತು. ಹಾರ್ಡಿಯನ್ನೂ ಗಣಿ ಮಾಲೀಕರು ಕಪ್ಪುಪಟ್ಟಿಗೆ ಹಾಕಿ ಹೊರಗಿಟ್ಟರು. ಆ ಮಾತಿನಲ್ಲಿ ಈ ಅಪಾಯವೂ ಇದೆ, ‘ಸಂಘಟಕ’ದಲ್ಲಿ ಅದು ಕೇಳಿಸುವುದಿಲ್ಲ. ‘ದ್ವಾರಪಾಲ’ ದಯವಿಟ್ಟು ಬೇಡ. ಗುಡಿ ಬಾಗಿಲಲ್ಲಿ ಗದೆ ಹಿಡಿದು ನಿಂತವರು ಕಣ್ಣಿಗೆ ಬರುತ್ತಾರೆ. ಇದು ಹತ್ತು ವರ್ಷದ ಮಗು.

ಉತ್ತರ 1: ‘ಯೂನಿಯನ್’ ಒಪ್ಪಲಾರೆ. ಇವತ್ತು ಒಂದು ಪದ ಬಿಟ್ಟುಕೊಟ್ಟರೆ ನಾಳೆ ವಾಕ್ಯವೇ ಹೋಗುತ್ತದೆ.

ಉತ್ತರ 3: ಅರವತ್ತು ಎಪ್ಪತ್ತು ವರ್ಷದಿಂದ ದುಡಿಯುವವರ ಬಾಯಲ್ಲಿರುವ ಪದ ಸ್ವಾಮಿ. ಅವರದೂ ಕನ್ನಡವೇ.

ಕೇಳಿದವರಿಂದ: ಎಲ್ಲರಿಗೂ ಧನ್ಯವಾದ. ಸಮಯ ಆಯಿತು. ಫಲಕದಲ್ಲಿ ಹೀಗೆ ಹೋಗುತ್ತಿದೆ: “ಗಾಳಿಬಾಗಿಲ ಹುಡುಗನಾಗಿ ಗಣಿಗೆ ಇಳಿದರು. ದೀಪದ ಹೊಗೆಯಿಂದ ಕಪ್ಪಾಗಿಸಿದ ಕಲ್ಲಿನ ಮೇಲೆ ಪಿನ್ನಿನಿಂದ ಗೀಚಿ ಶೀಘ್ರಲಿಪಿ ಕಲಿತರು. ಗಣಿ ಕಾರ್ಮಿಕರ ಯೂನಿಯನ್ ಕಟ್ಟಿದರು, ಪತ್ರಿಕೆ ನಡೆಸಿದರು.” ನಾಮಪದ ಬಿಟ್ಟು ಕ್ರಿಯಾಪದ ಇಟ್ಟುಕೊಂಡೆ.

ಉತ್ತರ 2: ‘ಗಾಳಿಬಾಗಿಲು’ ಚೆನ್ನಾಗಿದೆ.

ಉತ್ತರ 1: ‘ಯೂನಿಯನ್’ ಬಗ್ಗೆ ನನ್ನ ವಿರೋಧ ಹಾಗೇ ಇದೆ.