ಸಹಾಯ ಬೇಕು: ಹಡಗಿನ ಟ್ಯಾಂಕ್ ಒಳಗಿನ ಕೆಲಸಕ್ಕೆ ರಿಸ್ಕ್ ಅಸೆಸ್‌ಮೆಂಟ್

ಎಲ್ಲರಿಗೂ ನಮಸ್ಕಾರ. ನಾನು ಕರಾವಳಿಯ ಒಂದು ಶಿಪ್‌ಯಾರ್ಡ್‌ನ ಸೇಫ್ಟಿ ವಿಭಾಗದಲ್ಲಿದ್ದೇನೆ. ಈಗ ಒಂದು ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು) ಕಟ್ಟುತ್ತಿದ್ದೇವೆ. ಅದರ ಡಬಲ್ ಬಾಟಮ್ ಟ್ಯಾಂಕ್‌ಗಳಿಗೆ (ಹಡಗಿನ ತಳದ ಎರಡು ಪದರಗಳ ನಡುವಿನ ಇಕ್ಕಟ್ಟಾದ ಟ್ಯಾಂಕ್‌ಗಳು) ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯಗಳ ಅಂದಾಜು, ಹೊಸದಾಗಿ ಬರೆಯಬೇಕು.

ಸದ್ಯಕ್ಕೆ ಇರುವುದು 5×5 ಶೀಟ್. ಅಪಾಯದ ಸಾಧ್ಯತೆಯನ್ನು (1ರಿಂದ 5) ತೀವ್ರತೆಯಿಂದ (1ರಿಂದ 5) ಗುಣಿಸಿ ಅಂಕ ಹಾಕುವುದು. ವೆಲ್ಡಿಂಗ್‌ಗೆ ಒಂದು ಸಾಲು, ಪೇಂಟಿಂಗ್‌ಗೆ ಇನ್ನೊಂದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಹಳದಿ ಬಣ್ಣದಲ್ಲೇ (ಮಧ್ಯಮ ಅಪಾಯ) ಇವೆ. ಆದರೆ ಒಂದು ಟ್ಯಾಂಕ್‌ನಲ್ಲಿ ಪೇಂಟಿಂಗ್, ಪಕ್ಕದ್ದರಲ್ಲಿ ವೆಲ್ಡಿಂಗ್ ಒಟ್ಟಿಗೆ ನಡೆದರೆ? ಬೆಂಕಿ ಹತ್ತುವ ಥಿನ್ನರ್ ಆವಿ ಮ್ಯಾನ್‌ಹೋಲ್ (ಟ್ಯಾಂಕ್ ಒಳಗೆ ಇಳಿಯುವ ಕಿಂಡಿ) ದಾಟಿ ಬರುತ್ತದೆ. ಬಲ್ಕ್‌ಹೆಡ್ (ಟ್ಯಾಂಕ್‌ಗಳ ನಡುವಿನ ಉಕ್ಕಿನ ಗೋಡೆ) ಕಾದರೆ ಆಚೆ ಬದಿಯ ಪೇಂಟಿಗೂ ಬೆಂಕಿ ಹತ್ತಬಹುದು. ಇದನ್ನು ಶೀಟ್‌ನಲ್ಲಿ ತೋರಿಸುವುದು ಹೇಗೆ?

ವೆಲ್ಡಿಂಗ್‌ಗೆ ಬಳಸುವ ಆರ್ಗಾನ್ ಗ್ಯಾಸ್ ಇನ್ನೊಂದು ತಲೆನೋವು. ಗಾಳಿಗಿಂತ ಭಾರ, ತಳದಲ್ಲಿ ಕೂತು ಆಕ್ಸಿಜನ್ ಇಲ್ಲದಂತೆ ಮಾಡುತ್ತದೆ, ವಾಸನೆಯೂ ಇಲ್ಲ. ಮ್ಯಾನ್‌ಹೋಲ್ ಬಾಯಲ್ಲಿ ಮೀಟರ್ ಹಿಡಿದು ಆಕ್ಸಿಜನ್ 20.9% (ಸಾಮಾನ್ಯ ಗಾಳಿಯಷ್ಟು) ಅಂತ ಸುಮ್ನೆ ಬರೆದರೆ ಏನು ಪ್ರಯೋಜನ? ಮೇಲೆ, ನಡುವೆ, ತಳ ಮೂರೂ ಕಡೆ ನೋಡಬೇಕು, ಅಲ್ವಾ? ಊಟದ ಬಿಡುವಿನ ನಂತರ ಮತ್ತೆ ಟೆಸ್ಟ್ ಮಾಡಿಸುತ್ತೀರಾ? ಬಿಡುವಿನಲ್ಲಿ ಗ್ಯಾಸ್ ಹೋಸ್ ಹೊರಗೆ ತೆಗೆಸುತ್ತೀರಾ?

ಕೊಚ್ಚಿ, ಗೋವಾ, ಗಲ್ಫ್ ಯಾರ್ಡ್‌ಗಳಲ್ಲಿ ದುಡಿದವರು ನಿಮ್ಮ ಪರ್ಮಿಟ್ (ಕೆಲಸಕ್ಕೆ ಮುಂಚೆ ಪಡೆಯುವ ಲಿಖಿತ ಅನುಮತಿ) ಪದ್ಧತಿ ಹೇಳಿ. "ಹೆಲ್ಮೆಟ್, ಮಾಸ್ಕ್ ಹಾಕಿಸಿ" ಅನ್ನೋ ಉತ್ತರ ಮಾತ್ರ ಬೇಡ. ಖಾಲಿ ಫಾರ್ಮ್ ಇದ್ದರೆ, ಕಂಪನಿ ಹೆಸರು ಅಳಿಸಿ ಇಲ್ಲೇ ಹಾಕಿ.