"ಮೂರು ಪೆಗ್ ಆದ್ರೂ ಹುಡುಗ ಅಲ್ಲಾಡಿಲ್ಲ, ತಾತನ ಥರಾನೇ" ಅಂದರು. ಕುಡಿತ ರಕ್ತದಲ್ಲೇ ಬರುತ್ತಾ ಡಾಕ್ಟ್ರೇ?

ಪ್ರಶ್ನೆ (ಸೋಮವಾರಪೇಟೆ ಕಡೆಯ ಒಬ್ಬ ತಾಯಿ):
ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 16 ವರ್ಷ, ಮೊದಲನೇ ಪಿಯುಸಿ. ಹೋದ ವಾರ ನೆಂಟರ ಮದುವೆ ಇತ್ತು. ರಾತ್ರಿ ಊಟಕ್ಕೆ ಕರೆಯೋಣ ಎಂದು ಹುಡುಕಿಕೊಂಡು ಹೋದರೆ ಮಂಟಪದ ಹಿಂದೆ ಜೀಪಿನ ಬಾನೆಟ್ ಮೇಲೆ ಗ್ಲಾಸ್ ಇಟ್ಟುಕೊಂಡು ನಿಂತಿದ್ದ. ಜೊತೆಗೆ ಅವನ ಚಿಕ್ಕಪ್ಪ, ಇನ್ನಿಬ್ಬರು ದೊಡ್ಡವರು. ಚಿಕ್ಕಪ್ಪ ನಗುತ್ತಾ, "ಅತ್ತಿಗೆ, ಮೂರು ಪೆಗ್ ಆಯ್ತು, ಹುಡುಗ ಅಲ್ಲಾಡಿಲ್ಲ. ತಾತನ ಥರಾನೇ" ಅಂದರು. ಮಗನ ಮುಖದಲ್ಲಿ ಹೆಮ್ಮೆ.

ಆ ತಾತ ಅಂದರೆ ನನ್ನ ಮಾವ. ಕುಡಿದೂ ಕುಡಿದೂ 58ಕ್ಕೇ ಹೋದರು. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಎರಡು ತಿಂಗಳು ನಾನೇ ನೋಡಿಕೊಂಡಿದ್ದೆ. ನನ್ನ ಗಂಡ ಮುಟ್ಟುವುದಿಲ್ಲ. ಇದು ಒಂದು ತಲೆಮಾರು ಬಿಟ್ಟು ಬರುತ್ತಾ? ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ? ಈಚೆಗೆ ಬೈಕ್ ಕೂಡ ಹುಚ್ಚಾಪಟ್ಟೆ ಓಡಿಸುತ್ತಾನೆ.

ಡಾಕ್ಟರ್ (ಮನೋವೈದ್ಯೆ, ಮಡಿಕೇರಿ):
ಅಕ್ಕ, ನಿಮ್ಮ ಮೈದುನ ಹೊಗಳಿದ ಆ ಮಾತೇ ನನಗೆ ಭಯ ಹುಟ್ಟಿಸಿತು. ಮೊದಲು ಅದನ್ನೇ ಹೇಳುತ್ತೇನೆ.

ಕುಡಿದರೂ ಏರದಿರುವುದು ಗಟ್ಟಿತನ ಅಲ್ಲ. ಅಪಾಯದ ಗುರುತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾರ್ಕ್ ಶಕಿಟ್ ಎಂಬ ಮನೋವೈದ್ಯರು ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಅವರಿಗೆ ಎಷ್ಟು ಅಮಲು ಏರುತ್ತದೆ ಎಂದು ನೋಡಿದರು. ಆಮೇಲೆ ವರ್ಷಗಟ್ಟಲೆ ಅವರನ್ನು ಗಮನಿಸುತ್ತಾ ಬಂದರು. ಕುಡುಕ ಅಪ್ಪಂದಿರ ಮಕ್ಕಳಲ್ಲಿ ಕಮ್ಮಿ ಏರುವವರು ಜಾಸ್ತಿ ಇದ್ದರು. ಹೀಗೆ ಕಮ್ಮಿ ಏರಿದವರೇ ಮುಂದೆ ಕುಡಿತದ ಚಟಕ್ಕೆ ಬಿದ್ದದ್ದೂ ಜಾಸ್ತಿ. ಕಾರಣ ಸುಲಭ. ಬೇರೆ ಹುಡುಗನಿಗೆ ಎರಡನೇ ಗ್ಲಾಸಿಗೇ ತಲೆ ಸುತ್ತುತ್ತದೆ, ಸಾಕು ಎಂದು ಮೈಯೇ ಹೇಳುತ್ತದೆ. ಇವನಿಗೆ ಆ ಸೂಚನೆ ಸಿಗುವುದಿಲ್ಲ, ಐದನೆಯದಕ್ಕೆ ಹೋಗುತ್ತಾನೆ. ಲಿವರ್ ಮಾತ್ರ ಐದನ್ನೂ ಲೆಕ್ಕ ಇಡುತ್ತದೆ. ನನ್ನ ಹತ್ತಿರ ಚಿಕಿತ್ಸೆಗೆ ಬರುವ ನಲವತ್ತು ದಾಟಿದ ಗಂಡಸರು ಎಷ್ಟೋ ಸಲ ಹೇಳುವ ಮಾತು ಒಂದೇ: "ಮೊದಲೆಲ್ಲ ನನಗೆ ಏರುತ್ತಲೇ ಇರಲಿಲ್ಲ ಮೇಡಂ."

ಇನ್ನು ರಕ್ತದ ವಿಷಯ. ಹೌದು, ಬರುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಹೆತ್ತವರಿಂದ ಬೇರೆಯಾಗಿ ದತ್ತು ಹೋದ ಮಕ್ಕಳನ್ನು ಡೆನ್ಮಾರ್ಕಿನಲ್ಲಿ ನೋಡಿದ್ದಾರೆ, 1973ರಲ್ಲಿ ಅದು ಪ್ರಕಟವಾಯಿತು. ಹೆತ್ತವರಿಗೆ ಕುಡಿತದ ಚಟ ಇದ್ದ ಗಂಡು ಮಕ್ಕಳು ಬೇರೆ ಮನೆಯಲ್ಲಿ ಬೆಳೆದರೂ, ಅವರಲ್ಲಿ ಆ ಚಟ ಉಳಿದ ದತ್ತು ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಇತ್ತು. ಅವಳಿಗಳ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರೆ, ಒಬ್ಬರಿಗೆ ಚಟ ಹತ್ತಿ ಇನ್ನೊಬ್ಬರಿಗೆ ಹತ್ತದಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ನಿಮ್ಮ ಮಗ ಅರ್ಧ ಕುಡುಕನಾಗಿ ಹುಟ್ಟಿದ್ದಾನೆ ಎಂದು ಇದರ ಅರ್ಥ ಅಲ್ಲ. ಉಳಿದರ್ಧ ಮನೆ, ಗೆಳೆಯರು, ಊರು.

ತಲೆಮಾರು ಬಿಟ್ಟು ಬರುವ ನಿಯಮ ಏನೂ ಇಲ್ಲ. ಕುಡಿಯದ ನಿಮ್ಮ ಯಜಮಾನರೂ ತಮ್ಮ ಅಪ್ಪನ ಪಾಲನ್ನು ಹೊತ್ತಿರಬಹುದು. ಗ್ಲಾಸ್ ಮುಟ್ಟಲಿಲ್ಲ, ಹಾಗಾಗಿ ಅದು ಹೊರಗೆ ಬರಲಿಲ್ಲ ಅಷ್ಟೇ.

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ಇದು ಒಂದು ವಂಶವಾಹಿಯ ಕೆಲಸ ಅಲ್ಲ. ನೂರಾರು ಸೇರಿ, ಒಂದೊಂದೂ ಚೂರು ಚೂರು ತಳ್ಳುತ್ತವೆ. ಕೆಲವು ಮದ್ಯವನ್ನು ಕರಗಿಸುವ ಬಗೆಯನ್ನು ಬದಲಿಸುತ್ತವೆ, ಕೆಲವು ದುಡುಕುವ ಸ್ವಭಾವವನ್ನು ಜಾಸ್ತಿ ಮಾಡುತ್ತವೆ. ಜಪಾನ್, ಚೀನಾ, ಕೊರಿಯಾದಲ್ಲಿ ತುಂಬ ಜನರಿಗೆ ಒಂದೇ ಗ್ಲಾಸಿಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ. ಮದ್ಯದಿಂದ ಹುಟ್ಟುವ ವಿಷವನ್ನು ಕರಗಿಸುವ ಕಿಣ್ವ ಅವರಲ್ಲಿ ದುರ್ಬಲ. ಅದೇ ಅವರಿಗೆ ಬೇಲಿ. ನಮ್ಮ ಕಡೆ ಆ ಬೇಲಿ ಅಪರೂಪ.

ಈಗ ಸಮಾಧಾನದ ಮಾತು. ಫಿನ್ಲೆಂಡಿನ ಅವಳಿಗಳ ಅಧ್ಯಯನದಲ್ಲಿ ಒಂದು ವಿಷಯ ಚೆನ್ನಾಗಿ ಕಂಡಿದೆ. ಹದಿಹರೆಯದಲ್ಲಿ ಕುಡಿಯಲು ಶುರು ಮಾಡುವುದು ಹೆಚ್ಚಾಗಿ ಮನೆ, ಶಾಲೆ, ಸಹವಾಸದಿಂದ. ವಂಶವಾಹಿಗಳ ಹಿಡಿತ ಬಿಗಿಯಾಗುವುದು ವಯಸ್ಸು ಏರಿದ ಹಾಗೆ. ಅಂದರೆ 16ರಲ್ಲಿ ಇನ್ನೂ ನಿಮ್ಮ ಕೈಯಲ್ಲಿ ತುಂಬ ಇದೆ. ಅದೇ ದೇಶದ 14 ವರ್ಷದ ಅವಳಿಗಳಲ್ಲಿ, ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂದು ಅಪ್ಪ ಅಮ್ಮನಿಗೆ ಗೊತ್ತಿದ್ದ ಮನೆಗಳಲ್ಲಿ ಸಿಗರೇಟಿನ ವಿಷಯದಲ್ಲೂ ವಂಶವಾಹಿಗಳ ಪ್ರಭಾವ ಕಮ್ಮಿ ಇತ್ತು.

ಬೈಕ್: 16ಕ್ಕೆ ಗೇರ್ ಬೈಕಿನ ಲೈಸೆನ್ಸೇ ಇಲ್ಲ, ಕೀ ನಿಮ್ಮ ಯಜಮಾನರ ಹತ್ತಿರ ಇರಲಿ. ಸುಮ್ನೆ ಬೈಯಲೂ ಬೇಡಿ. ಮೆದುಳಿನಲ್ಲಿ ಖುಷಿ ಹುಡುಕುವ ಭಾಗ ಈ ವಯಸ್ಸಿಗೆ ಪೂರ್ತಿ ಚುರುಕು. ಹಣೆಯ ಹಿಂದಿನ, ತಡೆಯುವ ಭಾಗ ಬಲಿಯಲು ಇಪ್ಪತ್ತೈದಾದರೂ ಆಗಬೇಕು. ಅಮೆರಿಕದಲ್ಲಿ ಲಾರೆನ್ಸ್ ಸ್ಟೈನ್‌ಬರ್ಗ್ ಅವರ ತಂಡ ಹುಡುಗರಿಗೆ ಕಾರು ಓಡಿಸುವ ವಿಡಿಯೋ ಗೇಮ್ ಆಡಿಸಿತು. ಒಬ್ಬರೇ ಇದ್ದಾಗ ದೊಡ್ಡವರ ಹಾಗೇ ಆಡಿದರು. ಗೆಳೆಯರು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಅಪಾಯಕ್ಕೆ ಕೈ ಹಾಕುವುದು ಜಾಸ್ತಿಯಾಯಿತು. ದೊಡ್ಡವರಲ್ಲಿ ಹಾಗಾಗಲಿಲ್ಲ. ಮಂಟಪದ ಹಿಂದೆಯೂ ನಿಮ್ಮ ಮಗನನ್ನು ಮೂರು ಜನ ನೋಡುತ್ತಾ ನಿಂತಿದ್ದರು, ಅಲ್ವಾ?

ಪ್ರಶ್ನೆ (ಗೋಣಿಕೊಪ್ಪಲಿನ ಒಬ್ಬ ತಂದೆ):
ಮೇಡಂ, ನಮ್ಮಲ್ಲಿ ಮದುವೆ, ಹಬ್ಬ ಎಲ್ಲದರಲ್ಲೂ ಇದು ಇದ್ದದ್ದೇ. ಮನೆಯಲ್ಲೇ ಕೂರಿಸಿ ಸ್ವಲ್ಪ ಹೋಂ ಮೇಡ್ ವೈನ್ ಕೊಟ್ಟು ಮಿತಿ ಕಲಿಸಿದರೆ, ಹೊರಗೆ ಕದ್ದು ಕುಡಿಯುವುದಿಲ್ಲ ಅಲ್ವಾ?

ಡಾಕ್ಟರ್:
ಒಳ್ಳೆ ಮನಸ್ಸಿನಿಂದಲೇ ಕೇಳಿದ್ದೀರಿ ಅಣ್ಣ. ಆದರೆ ಹಾಗೆ ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಜಾಸ್ತಿ ಮಕ್ಕಳನ್ನು 6 ವರ್ಷ ಗಮನಿಸಿ 2018ರಲ್ಲಿ ವರದಿ ಮಾಡಿದ್ದಾರೆ. ಅಪ್ಪ ಅಮ್ಮನೇ ಕೊಟ್ಟರೆ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಏನೂ ಆಧಾರ ಸಿಗಲಿಲ್ಲ. ಅಂಥ ಮಕ್ಕಳಿಗೆ ಹೊರಗಿನಿಂದಲೂ ಮದ್ಯ ಸಿಗುವುದು ಜಾಸ್ತಿಯಾಗಿತ್ತು. ವೈನ್ ದ್ರಾಕ್ಷಿಯದ್ದಾಗಲಿ, ಶುಂಠಿಯದ್ದಾಗಲಿ, ಒಳಗಿರುವುದು ಅದೇ ಮದ್ಯ.

ಗುರು ಕಾರೋಣರಿಗೆ, ಅಂದರೆ ಮನೆತನದ ಮೂಲ ಹಿರಿಯರಿಗೆ, ಮದ್ಯ ಇಡುವುದನ್ನು ನಾನು ಪ್ರಶ್ನಿಸುತ್ತಿಲ್ಲ. ಅದು ಹಿರಿಯರಿಗೆ ಕೊಡುವ ಗೌರವ. ಮಗುವಿನ ಕೈಗೆ ಗ್ಲಾಸ್ ಕೊಡುವುದು ಬೇರೆ. 1990ರ ದಶಕದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ 15ಕ್ಕಿಂತ ಮೊದಲೇ ಶುರು ಮಾಡಿದವರಲ್ಲಿ ಸುಮಾರು ನೂರಕ್ಕೆ 40 ಜನ ಒಂದಲ್ಲ ಒಂದು ಕಾಲಕ್ಕೆ ಚಟಕ್ಕೆ ಬಿದ್ದಿದ್ದರು. 20 ದಾಟಿ ಶುರು ಮಾಡಿದವರಲ್ಲಿ ಸುಮಾರು 10. ಈ ವ್ಯತ್ಯಾಸಕ್ಕೆ ಬೇಗ ಶುರು ಮಾಡಿದ್ದೊಂದೇ ಕಾರಣ ಅಲ್ಲ. ದುಡುಕು ಸ್ವಭಾವದವರೇ ಬೇಗ ಶುರು ಮಾಡುತ್ತಾರೆ, ಅವರೇ ಮುಂದೆ ಜಾಸ್ತಿ ಕುಡಿಯುತ್ತಾರೆ. ಆದರೂ ವಂಶದಲ್ಲಿ ಕುಡಿತ ಇರುವ ಮನೆಯಲ್ಲಿ ತಡವಾದಷ್ಟೂ ಒಳ್ಳೆಯದು.

ಪ್ರಶ್ನೆ (17 ವರ್ಷ, ಹೆಸರು ಬೇಡ):
ಅಪ್ಪ ದಿನಾ ಕುಡೀತಾರೆ. ನಾನೂ ಹಾಗೇ ಆಗ್ತೀನಾ ಮೇಡಂ?

ಡಾಕ್ಟರ್:
ಇಲ್ಲ ಮಗೂ, ಆಗಲೇಬೇಕು ಎಂದೇನಿಲ್ಲ. ಅಪ್ಪ ಅಮ್ಮನಿಗೆ ಚಟ ಇದ್ದ ಮಕ್ಕಳಲ್ಲಿ ಹೆಚ್ಚಿನವರು ಆ ದಾರಿ ಹಿಡಿಯುವುದಿಲ್ಲ. ಆದರೆ ಗೆಳೆಯರಿಗೆ ಒಂದು ಗ್ಲಾಸ್ ಎಷ್ಟೋ, ನಿನಗೂ ಅಷ್ಟೇ ಎಂದು ಅಂದುಕೊಳ್ಳಬೇಡ. ಅಪ್ಪ ಕುಡಿಯುವುದು ನಿನ್ನ ತಪ್ಪಲ್ಲ, ನಿಲ್ಲಿಸುವ ಜವಾಬ್ದಾರಿಯೂ ನಿನ್ನದಲ್ಲ. ರಾತ್ರಿ ಮನೆಯಲ್ಲಿ ಕಷ್ಟವಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಬರೆ.

ಮೊದಲ ತಾಯಿ:
ಡಾಕ್ಟ್ರೇ, ನಿಮ್ಮ ಉತ್ತರವನ್ನು ಮೈದುನನಿಗೆ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಹುತ್ತರಿಗೆ ಎಲ್ಲರೂ ಮತ್ತೆ ಸೇರುತ್ತೇವೆ. ಮಗನಿಗೆ ಹೇಗೆ ಹೇಳಲಿ?

ಡಾಕ್ಟರ್:
ಹಬ್ಬದ ದಿನ ಬೇಡ, ಜನರ ಮುಂದೆ ಬೇಡವೇ ಬೇಡ. ಅದಕ್ಕೆ ಮೊದಲೇ ಒಂದು ಸಂಜೆ ನಿಮ್ಮ ಯಜಮಾನರು ಅವನನ್ನು ತೋಟದ ಕಡೆ ಕರೆದುಕೊಂಡು ಹೋಗಲಿ. ತಾತನ ಬಗ್ಗೆ ಅವನು ಕೇಳಿರುವುದು ಎಷ್ಟು ಕುಡಿದರೂ ಅಲ್ಲಾಡುತ್ತಿರಲಿಲ್ಲ ಎಂಬುದಷ್ಟೇ. ಆ ಕೊನೆಯ ಎರಡು ತಿಂಗಳು ಅವನಿಗೆ ಗೊತ್ತಿಲ್ಲ. ತಾನು ಯಾಕೆ ಮುಟ್ಟಲಿಲ್ಲ ಎಂದು ಅಪ್ಪನೇ ಹೇಳಲಿ.